ಮೆಂಡರ್ ಟೀಚರ್ ಮತ್ತು ನಮ್ಮನೆ ರೇಡಿಯೋ

ಮೆಂಡರ್ ಟೀಚರ್ ಕುರ್ಚಿಯಲ್ಲಿ ಕೂತದ್ದನ್ನು ಕಂಡವರು ಆ ಶಾಲೆಯಲ್ಲಿ ಯಾರೂ ಇರಲಿಲ್ಲ. ಕುರ್ಚಿಯೇನೋ ಇತ್ತು, ಅದರಲ್ಲಿ ಅವರ ಚೀಲ ಕೂತಿರುತ್ತಿತ್ತು. ಅವರು ಮಾತ್ರ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಹಿಂದಿನ ಬೆಂಚಿಗೆ, ಅಲ್ಲಿಂದ ಮತ್ತೆ ಕಿಟಕಿಗೆ ಓಡಾಡುತ್ತಲೇ ಇರುತ್ತಿದ್ದರು, ಬರಬೇಕಾದ ರೈಲು ಇನ್ನೂ ಬರಲಿಲ್ಲವಲ್ಲ ಎಂದು ಪ್ಲಾಟ್‌ಫಾರಂ ಅಳೆಯುವವರ ಹಾಗೆ. ಚಪ್ಪಲಿಯ ಹಿಮ್ಮಡಿ ಒಂದೇ ಪಕ್ಕಕ್ಕೆ ಸವೆದಿತ್ತು. ತೋಳಿನ ಅಂಚಿಗೆ, ಕನ್ನಡಕದ ಕಡ್ಡಿಗೆ, ಕೆಲವೊಮ್ಮೆ ಹುಬ್ಬಿಗೂ ಪೆನ್ಸಿಲ್ ಸಿಪ್ಪೆ ಅಂಟಿರುತ್ತಿತ್ತು.

ಆ ಸಿಪ್ಪೆಯಿಂದಲೇ ಅವರಿಗೆ ಆ ಹೆಸರು ಬಂದದ್ದು. ಶುಕ್ರವಾರದ ಕೊನೆಯ ಪೀರಿಯಡ್‌ಗೆ ವೇಳಾಪಟ್ಟಿಯಲ್ಲಿ ‘ಭಾವನೆ ಮತ್ತು ಸುರಕ್ಷತೆ’ ಎಂಬ ಭಾರವಾದ ಹೆಸರಿತ್ತು. ಮೂರನೇ ಕ್ಲಾಸಿನ ಮಕ್ಕಳು, ನನ್ನ ಮಗಳೂ ಸೇರಿ, ಅದನ್ನು ಪೆನ್ಸಿಲ್ ಪೀರಿಯಡ್ ಎಂದು ಕರೆದು ಹಗುರ ಮಾಡಿಕೊಂಡಿದ್ದರು. ಟೀಚರ್ ಡಬ್ಬಿಯಲ್ಲಿದ್ದ ಮೊಂಡು ಪೆನ್ಸಿಲ್‌ಗಳನ್ನೆಲ್ಲ ಚಾಪೆಯ ಮೇಲೆ ಸುರಿಯುತ್ತಿದ್ದರು, ಒಬ್ಬೊಬ್ಬರ ಕೈಗೂ ಒಂದೊಂದು ಮೆಂಡರ್ ಕೊಡುತ್ತಿದ್ದರು. ಎಲ್ಲರೂ ಸುತ್ತ ಕೂತು ಹೆರೆಯಬೇಕು. ಅಷ್ಟೇ ಪಾಠ. ಕಣ್ಣು ಪೆನ್ಸಿಲಿನ ಮೇಲೆ, ಯಾರೂ ಯಾರ ಮುಖವನ್ನೂ ನೋಡುವ ಹಾಗಿಲ್ಲ. ಹೆರೆಯುತ್ತ ಹೆರೆಯುತ್ತ ಯಾರಿಗಾದರೂ ಮಾತು ಬಂದರೆ ಬಂತು, ಬರದಿದ್ದರೆ ಶಾಲೆಗೆ ಚೂಪು ಪೆನ್ಸಿಲ್ ಲಾಭ.

“ನಮ್ಮಮ್ಮ ನನ್ನನ್ನ ಯಾವತ್ತೂ ಏನಾಯ್ತು ಅಂತ ಕೇಳ್ಲಿಲ್ಲ,” ಎಂದು ಒಮ್ಮೆ ನನ್ನ ಹೆಂಡತಿಗೆ ಹೇಳಿದ್ದರಂತೆ. “ಮುಂದೆ ಒಂದು ರಾಶಿ ಬಟಾಣಿ ಸುರಿದು ಬಿಡಿಸು ಅಂತಿದ್ರು. ಬಟಾಣಿ ಮುಗಿಯೋ ಹೊತ್ತಿಗೆ ನನ್ನ ಹೊಟ್ಟೇಲಿರೋದೂ ಖಾಲಿ ಆಗಿರ್ತಿತ್ತು. ಮುಖ ನೋಡಿ ಕೇಳಿದ್ರೆ ಮಕ್ಕಳು ಬಾಯಿಗೆ ಬೀಗ ಹಾಕ್ಕೋತವೆ ಕಣ್ರೀ. ಕೈಗೆ ಕೆಲಸ ಕೊಟ್ರೆ ಬೀಗ ಹಾಕೋಕೆ ಕೈ ಎಲ್ಲಿದೆ?”

ಮೊದಲು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ಅವರು ತಾವಾಗಿಯೇ ಕೇಳಿಕೊಂಡು ಚಿಕ್ಕ ಮಕ್ಕಳ ಕ್ಲಾಸಿಗೆ ಇಳಿದು ಬಂದವರು. ಅವರ ಜೊತೆಯವರು ಇದನ್ನು ಹಿಂಬಡ್ತಿ ಎಂದು ಮರುಗಿದರು. ಟೀಚರಿಗೆ ಮರುಗಲು ಪುರುಸೊತ್ತಿರಲಿಲ್ಲ, ಓಡಾಡುವುದಿತ್ತು.

ಈ ಪೀರಿಯಡ್ಡಿನಲ್ಲಿ ಅವರು ಮಕ್ಕಳಿಗೆ ಒಂದು ಸೂತ್ರ ಹೇಳಿಕೊಟ್ಟರು. ಗಣಿತದವರಲ್ಲವೇ, ಸೂತ್ರವಿಲ್ಲದೆ ಕೈ ಆಡುವುದಿಲ್ಲ. ದೊಡ್ಡವರು ‘ಯಾರಿಗೂ ಹೇಳಬೇಡ’ ಎಂದರೆ ಅದರಲ್ಲಿ ಎರಡು ಜಾತಿ. ಒಂದು ಅಚ್ಚರಿ, ಇನ್ನೊಂದು ಗುಟ್ಟು. ಅಚ್ಚರಿಗೆ ಒಂದು ದಿನ ನಿಗದಿಯಾಗಿರುತ್ತದೆ. ಅಮ್ಮನಿಗೆ ತಂದ ಉಡುಗೊರೆಯನ್ನು ಅವಳ ಹುಟ್ಟಿದ ದಿನ ತೋರಿಸುತ್ತಾರೆ, ಅಲ್ಲಿಯವರೆಗೆ ಸುಮ್ಮನಿರಬಹುದು. ಗುಟ್ಟಿಗೆ ಅಂಥ ದಿನವೇ ಇಲ್ಲ. ದಿನ ಇಲ್ಲದ್ದನ್ನು ಇಟ್ಟುಕೊಳ್ಳಬಾರದು. ಅಮ್ಮನಿಗೋ ಅಪ್ಪನಿಗೋ ಟೀಚರಿಗೋ ಹೇಳಿಬಿಡಬೇಕು.

ಸೂತ್ರ ಚೆನ್ನಾಗಿಯೇ ಇತ್ತು. ಮಕ್ಕಳು ಅದನ್ನು ಮಗ್ಗಿಗಿಂತ ಬೇಗ ಕಲಿತರು. ಕಲಿತದ್ದನ್ನು ಮನೆಗೆ ತಂದರು. ಅಲ್ಲಿಂದ ನಮ್ಮ ಬೀದಿಯ ಮರ್ಯಾದೆ ಒಂದೊಂದೇ ಮನೆಯಾಗಿ ಹೊರಗೆ ಬೀಳತೊಡಗಿತು.

ಎದುರುಮನೆಯ ವಿಮೆ ಏಜೆಂಟರು ಸಿಗರೇಟು ಬಿಟ್ಟು ವರ್ಷವಾಯಿತೆಂದು ಸಿಕ್ಕವರಿಗೆಲ್ಲ ಉಪದೇಶ ಮಾಡುತ್ತಿದ್ದವರು. ಪ್ಯಾಕೆಟ್ಟು ನೀರಿನ ಟ್ಯಾಂಕಿನ ಹಿಂದೆ ಇರುವುದನ್ನು ಅವರ ಮಗ ಊಟದ ಹೊತ್ತಿಗೆ ಪ್ರಕಟಿಸಿದ. ನಮ್ಮ ತಾಯಿ, ಸಕ್ಕರೆ ಕಾಯಿಲೆಯವರು, ದಿಂಬಿನ ಚೀಲದೊಳಗೆ ಕೆನೆ ಬಿಸ್ಕತ್ತು ಬಚ್ಚಿಡುತ್ತಿದ್ದರು. ಮೊಮ್ಮಗಳು ದಿಂಬನ್ನೇ ಹೊತ್ತು ತಂದು ಡಾಕ್ಟರ ಮೇಜಿನ ಮೇಲೆ ಇಟ್ಟಳು. ಇನ್ನು ನನ್ನದು: ಭಾವಮೈದುನ ಬಂದಾಗಲೆಲ್ಲ ನಾನು ಬಚ್ಚಲುಮನೆ ಸೇರಿ ನಲ್ಲಿ ಬಿಟ್ಟುಕೊಂಡು ಪೇಪರ್ ಓದುತ್ತಿದ್ದೆ. ಅದನ್ನು ನನ್ನ ಮಗಳು ಬೇರೆ ಯಾರಿಗೂ ಹೇಳಲಿಲ್ಲ. ನೇರವಾಗಿ ಭಾವಮೈದುನನಿಗೇ ಹೇಳಿದಳು.

ನಮ್ಮ ಬೀದಿಯಲ್ಲಿ ಅವಳಿಗೆ ರೇಡಿಯೋ ಎಂದೇ ಹೆಸರು. ಬೆಳಿಗ್ಗೆ ಕಣ್ಣು ತೆರೆಯುವ ಮೊದಲೇ ಬಾಯಿ ತೆರೆಯುವವಳು. ಹಲ್ಲುಜ್ಜುವಾಗಲೂ ನೊರೆಯ ಮೂಲಕ ಸುದ್ದಿ ಬರುತ್ತಿತ್ತು. ನಾನು ಮನೆಯಲ್ಲೇ ಕೂತು ಬೇರೆಯವರ ಪುಸ್ತಕಗಳ ಅಚ್ಚಿನ ತಪ್ಪು ತಿದ್ದಿ ಹೊಟ್ಟೆ ಹೊರೆಯುವವನು. ಒಂದು ಅಲ್ಪವಿರಾಮ ಹಿಡಿಯುವಷ್ಟರಲ್ಲಿ ಅವಳು ಇಡೀ ಪುಟ ಹರಿಯಬಿಡುತ್ತಿದ್ದಳು. “ಪುಟ್ಟೀ, ಒಂದರ್ಧ ಗಂಟೆ ಸುಮ್ನಿರ್ತೀಯಾ?” ಎಂದು ನಾನು ಬೇಡಿಕೊಳ್ಳದ ದಿನವಿರಲಿಲ್ಲ.

ಬೇಡಿಕೆ ಈಡೇರಿತು. ದಸರಾ ರಜೆ ಮುಗಿದು ಶಾಲೆ ಶುರುವಾದ ಕೆಲವು ವಾರಕ್ಕೆ ರೇಡಿಯೋ ನಿಂತಿತು. ಶಾಲೆಯಿಂದ ಬಂದು ಚೀಲ ಇಟ್ಟು, ದೊಡ್ಡ ಲೋಟದ ತುಂಬ ನೀರು ಕುಡಿದು, ಮಂಚದ ಮೂಲೆಯಲ್ಲಿ ಮೊಣಕಾಲು ಅಪ್ಪಿಕೊಂಡು ಕೂರುತ್ತಿದ್ದಳು. ಕೇಳಿದ್ದಕ್ಕೆ ‘ಹೂಂ’, ಕೇಳದಿದ್ದರೆ ಅದೂ ಇಲ್ಲ.

ಹೆಂಡತಿಗೆ ಗಾಬರಿ. ನನಗೆ, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ, ಹಿತವಾಗಿತ್ತು. “ದೊಡ್ಡೋಳಾಗ್ತಿದಾಳೆ ಕಣೇ. ಗಾಂಭೀರ್ಯ ಬಂದಿದೆ,” ಎಂದೆ.

“ಎಂಟು ವರ್ಷಕ್ಕೆ ಗಾಂಭೀರ್ಯವಂತೆ! ನಿಮಗೆ ನಲವತ್ತೇಳಕ್ಕೂ ಬಂದಿಲ್ಲ,” ಎಂದಳು ಅವಳು.

ಇದೇ ಹೊತ್ತಿಗೆ ಪೋಷಕರ ಫೋನ್ ಗ್ರೂಪಿನಲ್ಲಿ ಬೆಂಕಿ ಹತ್ತಿತ್ತು. ಪೆನ್ಸಿಲ್ ಪೀರಿಯಡ್ ನಿಲ್ಲಬೇಕು, ಮಕ್ಕಳನ್ನು ಮನೆಯ ಮೇಲೆ ಪತ್ತೇದಾರರನ್ನಾಗಿ ಬಿಡುವುದು ಯಾವ ಶಿಕ್ಷಣ ಎಂದು ವಿಮೆ ಏಜೆಂಟರು ಗುಡುಗಿದರು. ಹೆಡ್‌ಮಿಸ್ ಗುರುವಾರ ಸಂಜೆ ಸಭೆ ಕರೆದರು. ಮೂರನೇ ಕ್ಲಾಸಿನ ಪೋಷಕರೆಲ್ಲ ಬರಲಿ, ಬಹುಮತ ಏನು ಹೇಳುತ್ತದೋ ಅದೇ. ಎಲ್ಲರ ಪರವಾಗಿ ಮಾತಾಡಲು ನನ್ನನ್ನು ಆರಿಸಿದರು. ಭಾಷೆ ಗೊತ್ತಿರುವವರು ಎಂದರು. ಬಚ್ಚಲುಮನೆಯ ಅವಮಾನ ಇನ್ನೂ ಹಸಿಯಾಗಿತ್ತು. ನಾನೂ ಎದೆಯುಬ್ಬಿಸಿ ಒಪ್ಪಿಕೊಂಡೆ.

ಆ ಮಂಗಳವಾರ ಸಂಜೆ ಮೆಂಡರ್ ಟೀಚರ್ ನಮ್ಮ ಮನೆಗೆ ಬಂದರು. ನಾನು ಅಭ್ಯಾಸಬಲದಿಂದ ಬಚ್ಚಲುಮನೆಯ ಕಡೆ ಎರಡು ಹೆಜ್ಜೆ ಇಟ್ಟೆ. ಹೆಂಡತಿ ಅಂಗಿ ಹಿಡಿದು ನಿಲ್ಲಿಸಿದಳು.

“ಕೂತ್ಕೊಳ್ಳಿ ಟೀಚರ್, ಟೀ ಮಾಡ್ತೀನಿ.”

“ಟೀ ಕೊಡಿ, ನಿಂತೇ ಕುಡೀತೀನಿ,” ಎಂದು ನಮ್ಮ ಚಿಕ್ಕ ಹಾಲಿನಲ್ಲಿ ಕಪಾಟಿನಿಂದ ಟಿವಿಗೆ, ಟಿವಿಯಿಂದ ಕಪಾಟಿಗೆ ಓಡಾಡತೊಡಗಿದರು. “ಮಗಳೆಲ್ಲಿ?”

“ಅಜ್ಜಿ ಜೊತೆ ತಾರಸಿ ಮೇಲಿದಾಳೆ.”

“ಮನೇಲಿ ಏನಾದ್ರೂ ಆಗಿದ್ಯಾ? ಜಗಳ? ಕಾಯಿಲೆ? ಯಾರಾದ್ರೂ ಹೊಸಬರು ಬಂದು ಉಳ್ಕೊಂಡಿದಾರಾ?”

ನನಗೆ ಮೂಗಿನ ತುದಿಗೆ ಕೋಪ ಬಂತು. “ಮೇಡಂ, ಈಗಾಗ್ಲೇ ನಮ್ಮನೆ ವಿಷಯ ಊರಿಗೆಲ್ಲ ಗೊತ್ತು. ಇನ್ನೇನು ಉಳಿದಿದೆ ಹೇಳೋಕೆ?”

ಅವರು ನಗಲಿಲ್ಲ, ಬೇಜಾರೂ ಮಾಡಿಕೊಳ್ಳಲಿಲ್ಲ. “ನಿಮ್ಮ ರೇಡಿಯೋ ಕ್ಲಾಸಲ್ಲಿ ಮಾತು ನಿಲ್ಸಿ ಮೂರು ಶುಕ್ರವಾರ ಆಯ್ತು. ಪೆನ್ಸಿಲ್ ಹೆರೀತಾಳೆ, ಹೆರೀತಾನೇ ಇರ್ತಾಳೆ, ಸೀಸ ಎಲ್ಲ ಮುಗಿದು ಬರೀ ಕಟ್ಟಿಗೆ ಉಳಿಯೋ ತನಕ. ಹೋದ ವಾರ ಒಂದು ಸಲ ಬಾಯಿ ತೆರೆದಳು. ಅಷ್ಟರಲ್ಲಿ ಬೆಲ್ಲಾಯ್ತು. ಹೊಸ್ತಿಲ ತನಕ ಬಂದಿದೆ ಸ್ವಾಮಿ, ಅವಳ ಹೊಟ್ಟೇಲಿರೋದು. ನೀವು ಗುರುವಾರ ಪೀರಿಯಡ್ ನಿಲ್ಸಿದ್ರೆ ಶುಕ್ರವಾರ ಅದು ಒಳಗೇ ವಾಪಸ್ ಹೋಗುತ್ತೆ. ನನಗೆ ಆ ಒಂದು ಶುಕ್ರವಾರ ಬಿಟ್ಟುಕೊಡಿ. ಆಮೇಲೆ ಬೇಕಾದ್ರೆ ನಿಲ್ಸಿ.”

“ಏನಿದ್ದೀತು ಟೀಚರ್?” ಟೀ ಲೋಟ ಚಾಚುತ್ತ ಹೆಂಡತಿ ಕೇಳಿದಳು.

“ಗೊತ್ತಿದ್ರೆ ನಾನು ಹೀಗೆ ನಿಮ್ಮ ನೆಲ ಸವೆಸ್ತಿದ್ನಾ?” ಲೋಟವನ್ನು ಟಿವಿಯ ಪಕ್ಕ ಇಟ್ಟು, ಮತ್ತೆ ಎತ್ತಿಕೊಂಡು, ಮತ್ತೆ ಇಟ್ಟರು. ಅಲ್ಲೇ ಇದ್ದ ಔಷಧದ ಬಾಟಲಿ ಕಣ್ಣಿಗೆ ಬಿತ್ತು. “ಇದು ಯಾರಿಗೆ?”

“ಅವಳಿಗೇ. ಗಂಟಲು ಕಟ್ಟಿದೆ, ದನಿ ಒಡೆದಿದೆ ಅಂತ ಡಾಕ್ಟರು ಕೊಟ್ಟಿದ್ದು.”

ಟೀಚರ್ ಓಡಾಟ ನಿಲ್ಲಿಸಿದರು. “ಮನೇಲಿ ಮಾತಾಡಲ್ಲ, ಕ್ಲಾಸಲ್ಲೂ ಮಾತಾಡಲ್ಲ. ಮತ್ತೆ ಗಂಟಲು ಹೇಗೆ ಕಟ್ತು?”

ನಾವು ಗಂಡ ಹೆಂಡತಿ ಮುಖ ಮುಖ ನೋಡಿಕೊಂಡೆವು. ಅಷ್ಟರಲ್ಲಿ ಅವರು ಚಪ್ಪಲಿ ಮೆಟ್ಟಿಕೊಂಡಿದ್ದರು. “ಕೇಳೋಕೆ ಹೋಗ್ಬೇಡಿ. ಎದುರು ಕೂರಿಸಿ ಕೇಳಿದ್ರೆ ಅಷ್ಟೇ ಕಥೆ. ದಮ್ಮಯ್ಯ,” ಎಂದು ಬೀದಿಗಿಳಿದರು. ಕಿಟಕಿಯಿಂದ ನೋಡಿದೆ. ತಿರುವಿನ ತನಕ ಹೋಗಿ, ಮತ್ತೆ ನಮ್ಮ ಮನೆಯ ಕಡೆ ನಾಲ್ಕು ಹೆಜ್ಜೆ ಬಂದು, ತಲೆ ಕೊಡವಿ ಹೊರಟುಹೋದರು.

ಆ ಗಂಟಲಿನ ಪ್ರಶ್ನೆಯನ್ನು ಮಾತ್ರ ನಮ್ಮಲ್ಲೇ ಬಿಟ್ಟು ಹೋದರು. ಬುಧವಾರ ಇಡೀ ದಿನ ನಾನು ಒಂದು ಪುಟವನ್ನೂ ಸರಿಯಾಗಿ ತಿದ್ದಲಿಲ್ಲ. ಶಾಲೆಯ ಆಟದ ಬಯಲಲ್ಲಿ ಯಾರಾದರೂ ಬೆದರಿಸುತ್ತಿದ್ದಾರೆಯೆ? ಅಂಗಡಿಯವನೇ? ಮಹಡಿಯ ಬಾಡಿಗೆಯವನೇ? ಇಲ್ಲಿಯವರೆಗೆ ನಮಸ್ಕಾರ ಹೇಳುತ್ತಿದ್ದ ಪ್ರತಿಯೊಬ್ಬನ ಹಿಂದೆಯೂ ನನಗೊಂದು ನೆರಳು ಕಾಣತೊಡಗಿತು. ಪೋಸ್ಟ್‌ಮನ್ ಬಂದರೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದೆ. ಪಾಪ, ಪ್ಯಾಂಟಿನ ಜಿಪ್ಪು ಸರಿಯಾಗಿದೆಯೇ ಎಂದು ಅವನು ಪರೀಕ್ಷಿಸಿಕೊಂಡ. ಸಂಜೆ ವ್ಯಾನು ಬಂದು ನಿಂತಾಗ ಗೇಟಿಗೆ ಓಡಿದೆ. ಶಾಲೆಯ ಹಳದಿ ವ್ಯಾನು, ಅದನ್ನು ಓಡಿಸುವ ವ್ಯಾನ್ ಮಾಮ, ನಗುಮುಖದ ಬಡಕಲು ಮನುಷ್ಯ. ಮಗಳು ಮುಂದಿನ ಸೀಟಿನಿಂದ ಇಳಿದಳು. “ನಿಮ್ಮ ಮಗಳಂದ್ರೆ ಬಂಗಾರ ಸಾರ್, ಅವಳಿಲ್ಲದಿದ್ರೆ ನನ್ನ ವ್ಯಾನು ಮುಂದಕ್ಕೇ ಹೋಗಲ್ಲ,” ಎಂದ. ಇವನೊಬ್ಬನಾದರೂ ಒಳ್ಳೆಯವನು ಎಂದು ನನಗೆ ಸಮಾಧಾನವಾಯಿತು. ತಪ್ಪು ಹುಡುಕುವುದು ನನ್ನ ಕಸುಬು, ಗೊತ್ತಲ್ಲ.

ಗುರುವಾರದ ಸಭೆ ಮೂರನೇ ಕ್ಲಾಸಿನ ಕೋಣೆಯಲ್ಲೇ ನಡೆಯಿತು. ಮಕ್ಕಳು ಹೊರಗೆ ಬಯಲಲ್ಲಿ ಆಡುತ್ತಿದ್ದರು. ಸಭೆ ಮುಗಿದ ಮೇಲೆ ಅವರನ್ನು ಮನೆಗೆ ಬಿಡಲು ವ್ಯಾನು ಗೇಟಿನಲ್ಲಿ ಕಾದಿತ್ತು. ದೊಡ್ಡವರೆಲ್ಲ ಚಿಕ್ಕ ಬೆಂಚುಗಳಲ್ಲಿ ಮೊಣಕಾಲನ್ನು ಗಲ್ಲಕ್ಕೆ ತಾಗಿಸಿಕೊಂಡು ಕೂತೆವು. ಆ ಭಂಗಿಯಲ್ಲಿ ಎಂಥ ಆಕ್ರೋಶವೂ ಅರ್ಧ ಇಳಿದುಹೋಗುತ್ತದೆ. ವಿಮೆ ಏಜೆಂಟರದು ಮಾತ್ರ ಇಳಿದಿರಲಿಲ್ಲ. “ಮೊದಲು ನಮ್ಮ ಪ್ರತಿನಿಧಿ ಮಾತಾಡ್ಲಿ,” ಎಂದು ನನ್ನ ಬೆನ್ನಿಗೆ ತಿವಿದರು.

ನಾನು ಎದ್ದೆ. ಮೆಂಡರ್ ಟೀಚರ್ ಕಿಟಕಿಯ ಬಳಿ ನಿಂತು ನನ್ನನ್ನೇ ನೋಡುತ್ತಿದ್ದರು. ಬರೆದುಕೊಂಡು ಬಂದಿದ್ದ ಮಾತು ಒಂದೂ ಬಾಯಿಗೆ ಬರಲಿಲ್ಲ.

“ಒಂದು ಶುಕ್ರವಾರ...” ಎಂದೆ. “ಇನ್ನೊಂದು ಶುಕ್ರವಾರ ಆಗ್ಲಿ. ಆಮೇಲೆ ನೋಡೋಣ.”

“ಏನ್ರೀ ಇದು!” ವಿಮೆ ಏಜೆಂಟರು ಹಾರಿಬಿದ್ದರು. ಬೆಂಚು ಚಿಕ್ಕದಾದ್ದರಿಂದ ಬೆಂಚೂ ಅವರ ಜೊತೆಗೇ ಎದ್ದಿತು. “ನಿಮ್ಮನ್ನ ಆರಿಸಿದ್ದೇ ನಿಲ್ಸೋಕೆ!”

ಗಲಾಟೆ ಎದ್ದಿತು. ಕೈ ಎತ್ತಿಸಿ ಎಣಿಸೋಣ ಎಂದರು ಹೆಡ್‌ಮಿಸ್. ಆಗ ಮೆಂಡರ್ ಟೀಚರ್ ಡಬ್ಬಿಯನ್ನು ತಂದು ನಡುವಿನ ಮೇಜಿನ ಮೇಲೆ ಪೆನ್ಸಿಲ್ ಸುರಿದರು. “ನಿಲ್ಸೋದಾದ್ರೆ ನಿಲ್ಸಿ. ಏನನ್ನ ನಿಲ್ಲಿಸ್ತಿದೀರ ಅಂತ ನೋಡಿ ನಿಲ್ಸಿ. ಹತ್ತೇ ನಿಮಿಷ,” ಎಂದು ಎಲ್ಲರ ಕೈಗೂ ಮೆಂಡರ್ ಹಂಚಿದರು.

ನಾವು ಹೆರೆಯತೊಡಗಿದೆವು. ಮೊದಲು ನಗು, ಗೊಣಗು. ನಿಧಾನಕ್ಕೆ ಕೋಣೆಯಲ್ಲಿ ಕರಕರ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಕಣ್ಣು ಪೆನ್ಸಿಲಿನಲ್ಲಿ ನೆಟ್ಟರೆ ಪಕ್ಕದವರು ಇದ್ದಾರೆಂಬುದು ಗೊತ್ತಿರುತ್ತದೆ, ಅವರು ನಮ್ಮನ್ನು ತೂಗುತ್ತಿಲ್ಲ ಎಂಬುದೂ ಗೊತ್ತಿರುತ್ತದೆ. “ನನ್ನ ಮಗ ಟ್ಯಾಂಕಿನ ಹಿಂದೆ ಇಣುಕಿದ್ದು ಸಿಗರೇಟ್ ಹುಡುಕೋಕಲ್ಲ,” ಎಂದು ವಿಮೆ ಏಜೆಂಟರು ಯಾರಿಗೂ ಅಲ್ಲದ ಹಾಗೆ ಹೇಳಿದರು. “ಅಪ್ಪ ಅಲ್ಲಿ ಹೋಗಿ ಅಳ್ತಾರೆ ಅಂದ್ಕೊಂಡಿದ್ನಂತೆ.” ಯಾರೂ ತಲೆಯೆತ್ತಲಿಲ್ಲ.

ಆ ಹೊತ್ತಿಗೆ ನನ್ನ ಮಗಳು ನೀರಿನ ಬಾಟಲಿ ತೆಗೆದುಕೊಳ್ಳಲು ಒಳಗೆ ಬಂದಳು. ಅಪ್ಪಂದಿರು ಅಮ್ಮಂದಿರೆಲ್ಲ ಬಗ್ಗಿ ಪೆನ್ಸಿಲ್ ಹೆರೆಯುವುದನ್ನು ನೋಡಿ ಬಾಗಿಲಲ್ಲೇ ನಿಂತಳು. ಆಮೇಲೆ ಬಂದು ನನ್ನ ಪಕ್ಕಕ್ಕೆ ತೂರಿಕೊಂಡು ಒಂದು ಮೆಂಡರ್ ಎತ್ತಿಕೊಂಡಳು. ಕೇಳಬೇಕೆಂದು ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ.

“ಪುಟ್ಟೀ,” ಎಂದೆ, ಪೆನ್ಸಿಲಿಗೆ. “ನೀನು ಸುಮ್ನಾದಾಗ ನಂಗೆ ಖುಷಿಯಾಗಿತ್ತು. ಈಗ ಭಯ ಆಗ್ತಿದೆ.”

ಕರಕರ. ಅವಳ ಪೆನ್ಸಿಲಿನಿಂದ ಸಿಪ್ಪೆ ಸುರುಳಿ ಸುರುಳಿಯಾಗಿ ಇಳಿಯಿತು.

“ಅಪ್ಪಾ, ತಿಂಗಳು ಮುಗಿಯೋಕೆ ಇನ್ನೂ ಎಷ್ಟು ದಿನ?”

“ಯಾಕೆ?”

“ಅವತ್ತು ಹೇಳ್ಬಹುದು. ಇದು ಗುಟ್ಟಲ್ಲ, ಅಚ್ಚರಿ. ವ್ಯಾನ್ ಮಾಮ ದಿನ ಹೇಳಿದಾರೆ.” ದನಿ ಸೀಳಿತ್ತು. “ಅಲ್ಲೀ ತನಕ ನಾನು ಮಾತಾಡ್ತಿರ್ಬೇಕು. ಬೆಳಿಗ್ಗೆ ಬರೋವಾಗ್ಲೂ, ಸಂಜೆ ಹೋಗೋವಾಗ್ಲೂ. ಜೋರಾಗಿ. ನಾನು ನಿಲ್ಸಿದ್ರೆ ಮಾಮಂಗೆ ನಿದ್ದೆ ಬರುತ್ತೆ. ಒಂದಿನ ನಿಲ್ಸಿದ್ದೆ, ವ್ಯಾನು ಫುಟ್‌ಪಾತ್ ಹತ್ತಿತ್ತು. ಹಿಂದೆ ಚಿಕ್ಕವರೆಲ್ಲ ಇದ್ರು. ಅದಕ್ಕೇ ಶಾಲೇಲಿ, ಮನೇಲಿ ಮಾತಾಡಲ್ಲ. ವ್ಯಾನಿಗೆ ಇಟ್ಕೋತೀನಿ. ಖಾಲಿ ಆದ್ರೆ?”

ಕೋಣೆಯಲ್ಲಿ ಕರಕರ ನಿಂತಿತು.

ಮೆಂಡರ್ ಟೀಚರ್ ಹಿಂದೆ ಕೈ ಚಾಚಿ ಕುರ್ಚಿಯನ್ನು ತಡಕಿದರು. ಚೀಲವನ್ನು ಕೆಳಗಿಡುವುದು ಮರೆತು ಅದರ ಮೇಲೆಯೇ ಕುಸಿದು ಕೂತರು. “ದಿನ ಹೇಳಿದ್ದ,” ಎಂದರು. “ದಿನ ಹೇಳಿದ್ರೆ ಇಟ್ಕೋಬಹುದು ಅಂತ ಹೇಳ್ಕೊಟ್ಟೋಳು ನಾನೇ. ಮಗು ನನ್ನ ಲೆಕ್ಕ ಸರಿಯಾಗೇ ಮಾಡಿದೆ. ಲೆಕ್ಕಾನೇ ತಪ್ಪು.”

ಅವರು ಕೂತದ್ದು ಅಷ್ಟೇ ಹೊತ್ತು. ಮರುಗಳಿಗೆಯಲ್ಲಿ ಎದ್ದು ಬಾಗಿಲು ದಾಟಿದ್ದರು. ಗೇಟಿನಲ್ಲಿ ವ್ಯಾನು ಕಾದಿದೆ ಎಂಬುದು ಅವರಿಗೇ ಮೊದಲು ಹೊಳೆದದ್ದು. ನಾವೆಲ್ಲ ಹಿಂದೆ ಓಡಿದೆವು. ವ್ಯಾನ್ ಮಾಮ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು, ಬಾಯಿ ತೆರೆದು, ಮಗುವಿನಂತೆ ನಿದ್ದೆ ಹೊಡೆಯುತ್ತಿದ್ದ. ವಿಮೆ ಏಜೆಂಟರು ಕಾಲರ್ ಹಿಡಿಯಲು ನುಗ್ಗಿದರು. ಟೀಚರ್ ಅಡ್ಡ ಕೈ ಇಟ್ಟು, ಕಿಟಕಿಯಿಂದ ಒಳಗೆ ಬಾಗಿ, ಮೊದಲು ಕೀಲಿಕೈ ತೆಗೆದು ಮುಷ್ಟಿಯಲ್ಲಿಟ್ಟುಕೊಂಡರು. ಆಮೇಲೆ ಎಬ್ಬಿಸಿದರು.

“ನಿದ್ದೆ ಮಾಡ್ಲಿಲ್ಲ ಮೇಡಂ, ಸುಮ್ನೆ ಕಣ್ಣು ಮುಚ್ಚಿದ್ದೆ...” ಎಂದವನು ಇಷ್ಟು ಜನರನ್ನು ನೋಡಿ ಇಳಿದು ನಿಂತ.

“ರಾತ್ರಿ ಏನು ಮಾಡ್ತೀಯಪ್ಪಾ?”

“ತರಕಾರಿ ಲೋಡು ಹೊಡೀತೀನಿ. ಹೆಂಡತಿಗೆ ಆಪರೇಷನ್ ಆಗಿದೆ. ಈ ತಿಂಗಳ ಕೊನೆಗೆ ನಿಲ್ಲಿಸ್ಬಿಡ್ತೀನಿ ಮೇಡಂ, ಆಣೆ. ಪುಟ್ಟಿಗೂ ಹೇಳಿದ್ದೆ. ಚಾಕೊಲೇಟು ಕೊಟ್ಟು ಆಸೆ ತೋರಿಸ್ಲಿಲ್ಲ, ಹೆದರಿಸ್ಲಿಲ್ಲ. ಅವಳು ಮಾತಾಡ್ತಿದ್ರೆ ನಂಗೆ ಎಚ್ಚರ ಇರ್ತಿತ್ತು, ಅಷ್ಟೇ.”

“ಎಚ್ಚರ ಇರೋದು ನಿನ್ನ ಕೆಲಸ,” ಎಂದರು ಟೀಚರ್. ದನಿ ಏರಿರಲಿಲ್ಲ. “ಅದನ್ನ ಎಂಟು ವರ್ಷದವಳ ತಲೆ ಮೇಲೆ ಹೊರಿಸ್ಬಿಟ್ಯಲ್ಲ.”

ಅವನು ನನ್ನ ಮಗಳ ಕಡೆ ನೋಡಿದ. ಅವಳು ನನ್ನ ಅಂಗಿಯ ಹಿಂದೆ ಸರಿದಳು. ತಾನು ಮಾತು ತಪ್ಪಿದೆ, ಮಾಮನ ಕೆಲಸ ಕಳೆದೆ ಎಂಬ ಸಂಕಟ ಆ ಹಿಡಿತದಲ್ಲಿತ್ತು. ಟೀಚರ್ ಬಗ್ಗಿದರು. ಅವಳ ಮುಖ ನೋಡಲಿಲ್ಲ, ಬಿಚ್ಚಿಹೋಗಿದ್ದ ಅವಳ ಶೂ ದಾರ ಕಟ್ಟುತ್ತ ಹೇಳಿದರು: “ಸೂತ್ರ ಅರ್ಧ ಬರೆದಿದ್ದೆ ಕಣೇ. ಇನ್ನರ್ಧ ಇದು: ದಿನ ಇರ್ಲಿ, ಇಲ್ದಿರ್ಲಿ, ಇಟ್ಕೊಂಡಿರೋದು ಭಾರ ಆದ್ರೆ ಹೇಳ್ಬಿಡ್ಬೇಕು. ನೀನು ತಪ್ಪು ಮಾಡ್ಲಿಲ್ಲ. ತಪ್ಪು ಲೆಕ್ಕ ಕೊಟ್ಟಿದ್ದು ನಾನು.”

ಅಂದು ಕೈ ಎತ್ತಿ ಎಣಿಸುವುದು ಎಲ್ಲರಿಗೂ ಮರೆತುಹೋಯಿತು. ಆಮೇಲೆ ಯಾರೂ ನೆನಪಿಸಲಿಲ್ಲ; ಪೆನ್ಸಿಲ್ ಪೀರಿಯಡ್ ಈಗಲೂ ನಡೆಯುತ್ತದೆ. ತಿಂಗಳಿಗೊಮ್ಮೆ ನಮಗೂ ಇದೆ. ವ್ಯಾನಿಗೆ ಬೇರೆ ಡ್ರೈವರ್ ಬಂದ. ವ್ಯಾನ್ ಮಾಮ ರಾತ್ರಿಯ ಲೋಡನ್ನೇ ಉಳಿಸಿಕೊಂಡ, ಹಗಲು ಮಲಗುತ್ತಾನೆ. ಅವನ ಹೆಂಡತಿಯನ್ನು ನೋಡಲು ಮೆಂಡರ್ ಟೀಚರ್ ಒಂದೆರಡು ಸಲ ಹೋಗಿಬಂದರೆಂದು ಕೇಳಿದೆ. ಅಲ್ಲಿಯೂ ಕೂತಿರಲಿಕ್ಕಿಲ್ಲ. ಕುರ್ಚಿಯಲ್ಲಿ ಚೀಲ, ಕೋಣೆಯಲ್ಲಿ ಓಡಾಟ. ಯಾವ ಸೂತ್ರ ಎಲ್ಲಿ ಅರ್ಧ ಉಳಿದಿದೆಯೋ ಎಂಬ ಆತಂಕ ಅವರಿಗೆ ಮೊದಲಿಗಿಂತ ಹೆಚ್ಚಾಗಿದೆ. ಮಕ್ಕಳು ಮನೆಗೆ ಹೊರಡುವ ಹೊತ್ತಿಗೆ ಗೇಟಿನಲ್ಲಿ ನಿಂತು ಪ್ರತಿ ಡ್ರೈವರಿನ ಕಣ್ಣಿಗೂ ಇಣುಕುತ್ತಾರೆ. ನನ್ನ ಕಣ್ಣಿಗೂ.

ಹೌದು, ಈಗ ಮಗಳನ್ನು ಸ್ಕೂಟರಿನಲ್ಲಿ ನಾನೇ ಕರೆದೊಯ್ಯುತ್ತೇನೆ. ರೇಡಿಯೋ ಇನ್ನೂ ಮೊದಲಿನ ಹಾಗೆ ಹತ್ತಿಲ್ಲ. ನಡುನಡುವೆ ಒಂದೆರಡು ಸುದ್ದಿ ಬರುತ್ತದೆ, ಮತ್ತೆ ನಿಲ್ಲುತ್ತದೆ. ನಾನು ‘ಸುಮ್ನಿರು’ ಎಂದು ಬೇಡುವುದನ್ನು ಬಿಟ್ಟಿದ್ದೇನೆ, ‘ಮಾತಾಡು’ ಎಂದು ಬೇಡುವುದಕ್ಕೂ ಹೆದರುತ್ತೇನೆ. ಮೊನ್ನೆ ಸಿಗ್ನಲಿನಲ್ಲಿ ನಿಂತಿದ್ದಾಗ ಹಿಂದಿನಿಂದ ನನ್ನ ಸೊಂಟ ಬಿಗಿಯಾಗಿ ಹಿಡಿದು ಕೇಳಿದಳು:

“ಅಪ್ಪಾ, ನಾನು ಮಾತಾಡದೆ ಕೂತಿದ್ರೂ ನೀನು ಎದ್ದಿರ್ತೀಯಾ?”

“ಎದ್ದಿರ್ತೀನಿ ಪುಟ್ಟೀ.”

“ನಿಜವಾಗ್ಲೂ?”

“ನಿಜವಾಗ್ಲೂ.”

ಹಸಿರು ದೀಪ ಬಂತು. ಮನೆ ತಲುಪುವವರೆಗೆ ಅವಳು ಒಂದು ಮಾತೂ ಆಡಲಿಲ್ಲ. ಕನ್ನಡಿಯಲ್ಲಿ ಮಾತ್ರ, ಪ್ರತಿ ತಿರುವಿನಲ್ಲೂ, ನನ್ನ ಕಣ್ಣು ತೆರೆದಿದೆಯೇ ಎಂದು ಎರಡು ಕಣ್ಣು ನೋಡುತ್ತಲೇ ಇದ್ದವು.